ಕೊಲೆಗಾರ ಹೇಳಿದ ಒಂದೇ ಮಾತು

ತನುಜಾಳಿಗೆ ಅಂಜಿಕೆಯೆಂದರೆ ಭಾರಿ ಕುತೂಹಲ. ಜನ ಯಾವುದಕ್ಕೆ ಅಂಜುತ್ತಾರೆ, ಯಾಕೆ ಅಂಜುತ್ತಾರೆ ಎಂದು ಸಿಕ್ಕವರನ್ನೆಲ್ಲ ಕೆದಕುವವಳು. ಗೊಟಗೋಡಿಯ ವಿಶ್ವವಿದ್ಯಾಲಯದಲ್ಲಿ ಜಾನಪದ ಓದುತ್ತ, ದೆವ್ವದ ಕತೆ ಕೇಳಿ ಕೇಳಿ ಬೇಸತ್ತು, ಈಗ ಕೊಲೆಯ ಸಿನಿಮಾಕ್ಕೆ ಕೈ ಹಾಕಿದ್ದಳು. ಒಂದೇ ಕೋಣೆ, ಒಂದೇ ಬಾಗಿಲು, ಒಳಗಿದ್ದವರನ್ನು ಒಬ್ಬೊಬ್ಬರಾಗಿ ಮುಗಿಸುವ ಕೊಲೆಗಾರ. ಕೋಣೆ ಸಿಕ್ಕಿದ್ದು ಸವಣೂರಿನಲ್ಲಿ, ಗೆಳತಿ ಗುಲ್ನಾರಳ ಮನೆಯ ಹಿಂದೆ. ತೋಟದಿಂದ ಬಂದ ವೀಳ್ಯದೆಲೆಯನ್ನು ಕಟ್ಟಿ ಇಡುವ ಜಾಗ ಅದು. ಕಿಟಕಿ ಇಲ್ಲ, ಹಸಿ ಗೋಣಿಚೀಲದ ವಾಸನೆ ಬೇರೆ. ಎಲೆ ಕೀಳುವವರು ಹೆಬ್ಬೆರಳಿಗೆ ಹಾಕಿಕೊಳ್ಳುವ ಕಬ್ಬಿಣದ ಉಗುರೇ ಆಯುಧ. ರಕ್ತಕ್ಕೆ ಎಲೆ-ಅಡಿಕೆಯ ರಸ. ಗುಲ್ನಾರಳ ಅಜ್ಜಿ, ದಿನವಿಡೀ ಎಲೆ ಜಗಿಯುವ ಮರಿಯಮಬಿ ಇರುವ ಮನೆಯಲ್ಲಿ ಅದಕ್ಕೇನು ಬರ?

ಎಲ್ಲ ಇತ್ತು, ಅಂಜಿಕೆಯೊಂದೇ ಇರಲಿಲ್ಲ.

ತೊಡಕು ಕೊಲೆಗಾರನದು. ಅವನು ತನುಜಾಳ ಕಾಕಾ ಫಕ್ಕೀರಪ್ಪ, ಬಸ್ ನಿಲ್ದಾಣದ ಹತ್ತಿರ ಖಾರಾ-ಚುರುಮುರಿ ಮಾರುವವನು. ಬಾಗಿಲ ತುಂಬ ಆಳು, ಮನಸ್ಸು ಮಾತ್ರ ಬೆಣ್ಣೆ. "ಬರ್ತೇನ್ರಿ" ಅನ್ನದೆ ಯಾರ ಮನೆಯಿಂದಲೂ ಎದ್ದವನಲ್ಲ. ಬಸ್ಸಿನಿಂದ ಇಳಿಯುವಾಗ ಕಂಡಕ್ಟರನಿಗೂ ಹೇಳಿಯೇ ಇಳಿಯುವ ಪುಣ್ಯಾತ್ಮ.

ಮುಂಜಾನೆ ಅವನು ಉಗುರು ಎತ್ತಿ ಗುಲ್ನಾರಳ ಮೇಲೆ ಬಂದವನೇ, "ತಾಗಿತೇನವ್ವಾ?" ಎಂದು ಕೇಳಿಬಿಟ್ಟ.

ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದ ಮರಿಯಮಬಿ ಬಿದ್ದು ಬಿದ್ದು ನಕ್ಕಳು. "ಇವನ ಕೈಯಾಗ ಸಾಯೋದಂದ್ರ ಉಂಡು ಮಲಗಿದಂಗ ಬಿಡವಾ," ಎಂದಳು.

ತನುಜಾಳಿಗೆ ಅಳುವೇ ಬಂತು. ಈ ಮುದುಕಿ ಅಂಜಿದರೆ ಊರೇ ಅಂಜುತ್ತದೆ, ನಕ್ಕರೆ ಊರೇ ನಗುತ್ತದೆ ಎಂದು ಅವಳ ಲೆಕ್ಕ. ನಾಳೆ ಎಲೆ ಬಂದರೆ ಕೋಣೆಯೂ ಇಲ್ಲ. ಉಳಿದಿದ್ದು ಕೊನೆಯ ದೃಶ್ಯ. ಅದರಲ್ಲೂ ಮರಿಯಮಬಿ ನಕ್ಕರೆ ಸಿನಿಮಾ ಕೈಬಿಡುವುದೆಂದು ನಿಶ್ಚಯಿಸಿಕೊಂಡಳು.

"ಕಾಕಾ, ಇದರಾಗ ಮಾತ ಇಲ್ಲ. ಗುಲ್ನಾರ ಬುಟ್ಟಿ ಹಿಂದ ಅಡಗಿರ್ತಾಳ. ನೀ ಒಳಗ ಬಂದು ಹುಡುಕು, ಸಿಗಲಿಲ್ಲಂತ ಹೊಳ್ಳಿ ಹೋಗು. ಅಷ್ಟ."

ಫಕ್ಕೀರಪ್ಪ ಬಂದ. ಗೋಣಿಚೀಲ ಎತ್ತಿ ನೋಡಿದ. ಬುಟ್ಟಿಗಳ ಮುಂದೆ ತುಸು ನಿಂತ. ಆಮೇಲೆ ಹೊರಟ. ಹೊಸ್ತಿಲ ಮೇಲೆ ಒಂದು ಕಾಲಿಟ್ಟಾಗ, ಹುಟ್ಟುಗುಣ ಸುಟ್ಟರೂ ಹೋಗದು ನೋಡಿ, ಹಿಂತಿರುಗಿ ಖಾಲಿ ಕೋಣೆಗೆ ಮೆಲ್ಲಗೆ ಹೇಳಿದ.

"ಬರ್ತೇನ್ರಿ."

ತನುಜಾಳ ಮೈ ಜುಮ್ಮೆಂದಿತು. ದಿನಾ ಕೇಳುವ ಮಾತೇ. ಆದರೆ ಆ ಕೋಣೆಯಲ್ಲಿ ಹೇಳಿಸಿಕೊಳ್ಳಲು ಇದ್ದವಳು ಬುಟ್ಟಿಯ ಹಿಂದಿನ ಹುಡುಗಿ ಒಬ್ಬಳೇ. ಅಂದರೆ ಅವಳು ಅಲ್ಲಿರುವುದು ಅವನಿಗೆ ಗೊತ್ತು. ಅವನು ಮತ್ತೆ ಬರುತ್ತಾನೆ. ಗುಲ್ನಾರ ಯಾರೂ ಹೇಳಿಕೊಡದಿದ್ದರೂ ದುಪಟ್ಟಾ ಬಾಯಿಗೆ ತುರುಕಿಕೊಂಡಿದ್ದಳು. ಹೊರಗೆ ಮರಿಯಮಬಿಯ ಬಾಯಲ್ಲಿದ್ದ ಎಲೆ ಹಾಗೇ ನಿಂತಿತ್ತು.

"ತಪ್ಪಾತವ್ವಾ," ಎಂದ ಫಕ್ಕೀರಪ್ಪ, ನಾಚಿಕೊಂಡು. "ಬಾಯಿ ತಪ್ಪಿ ಬಂತು. ಇನ್ನೊಮ್ಮಿ ತೆಗಿ."

"ಬ್ಯಾಡ ಕಾಕಾ. ಇದ ಇರಲಿ," ಎಂದಳು ತನುಜಾ. ಹುಡುಕಿದ್ದು ಸಿಕ್ಕಿತ್ತು. ಕುಣಿಯುವಷ್ಟು ಖುಷಿಯಾಗಿತ್ತು ಅವಳಿಗೆ.

ಕೈ ತೊಳೆದು, ಎಲ್ಲರೂ ಪಡಸಾಲೆಯಲ್ಲಿ ಚಹಾ ಕುಡಿದರು. ಫಕ್ಕೀರಪ್ಪ ಎದ್ದ. ತಲೆಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಬರ್ತೇನ್ರಿ ಅಮ್ಮಾರ," ಎಂದ.

ಎಂದಿನಂತೆ "ಬಾರಪ್ಪಾ" ಅನ್ನಬೇಕಾದ ಮರಿಯಮಬಿ ಸುಮ್ಮನೆ ಕುಳಿತಳು. ಗುಲ್ನಾರ ಕಪ್ಪು-ಬಸಿ ಎತ್ತಿಕೊಂಡು ಒಳಗೆ ಹೋದಳು. ಇನ್ನೊಂದು ಚಪ್ಪಲಿ ಮೆಟ್ಟದೆ ಫಕ್ಕೀರಪ್ಪ ಹಾಗೇ ನಿಂತ. ಜೀವಮಾನದಲ್ಲಿ ಅವನ ಆ ಮಾತಿಗೆ ಉತ್ತರ ಬಾರದೆ ಇದ್ದದ್ದಿಲ್ಲ. ಮುದುಕಿಯ ಮುಖ ನೋಡಿದ. ಅವಳು ತನ್ನ ಮಾತಿಗೆ ಅಂಜಿದ್ದು ಅವನಿಗೂ ತಿಳಿಯಿತು. ತನುಜಾಳ ಖುಷಿ ಅಲ್ಲೇ ಇಳಿದುಹೋಯಿತು.

"ಹಂಗಾರ..." ಎಂದ ಫಕ್ಕೀರಪ್ಪ, ತಲೆ ತಗ್ಗಿಸಿ. "ಹೋಗ್ತೇನ್ರಿ."

ಮರಿಯಮಬಿ ದಡಕ್ಕನೆ ಎದ್ದಳು. "ತೋಬಾ ತೋಬಾ, ಬಿಡ್ತು ಅನ್ನು. ಮನಿಮುಂದ ನಿಂತು ಹೋಗ್ತೇನಿ ಅಂತಾರೇನೋ ಯಾರರ?"

"ಬಿಡ್ತರಿ."

"ಹಾಂ. ಈಗ ಸರಿಯಾಗಿ ಹೇಳು."

ಫಕ್ಕೀರಪ್ಪನ ಮುಖ ಅರಳಿತು. "ಬರ್ತೇನ್ರಿ ಅಮ್ಮಾರ."

"ಹೋಗಿ ಬಾರಪ್ಪಾ," ಎಂದಳು ಮರಿಯಮಬಿ, ಬಾಯಿ ತುಂಬ. ಅವನು ಓಣಿಯ ತಿರುವು ದಾಟುವವರೆಗೂ ನಿಂತು ನೋಡಿದಳು. ಆಮೇಲೆ ತಲೆಬಾಗಿಲು ಮುಚ್ಚಿ, ಹಗಲು ಹೊತ್ತಿನಲ್ಲಿ ಎಂದೂ ಹಾಕದ ಚಿಲಕ ಹಾಕಿದಳು.