ಓವರ್‌ಟೈಮ್ ಬಿಟ್ಟ ವೆಂಡೆಲ್

ನನ್ನ ಗಂಡ ವೆಂಡೆಲ್ ನಡೆಯುತ್ತಿದ್ದುದೇ ಮುಂದಕ್ಕೆ ಬಾಗಿ, ಯಾರೋ ಆಗಲೇ ಕೆಲಸಕ್ಕೆ ಕರೆದಿದ್ದಾರೆ ಎನ್ನುವ ಹಾಗೆ. ಕಾಗದದ ಕಾರ್ಖಾನೆಯಲ್ಲಿ ಯಾರು ರಜೆ ಹಾಕಿದರೂ ಅವರ ಪಾಳಿ ಇವನಿಗೆ. ಚಳಿಗಾಲದಲ್ಲೂ ಕೋಟಿನ ಗುಂಡಿ ಹಾಕುತ್ತಿರಲಿಲ್ಲ. ಹಾಕುವಷ್ಟು ಹೊತ್ತು ಒಂದು ಕಡೆ ನಿಂತರಲ್ಲವೆ.

ಮಂಡಿ ಸವೆಯುತ್ತಿದೆ, ಎಕ್ಸ್-ರೇ ತೆಗೆಯುವ ಕೆಲಸ ಕಲಿಯುತ್ತೇನೆ ಎಂದು ಒಂದು ವರ್ಷ ಪೂರ್ತಿ ಓವರ್‌ಟೈಮ್ ಮಾಡಿ ಫೀಸಿಗೆ ಕೂಡಿಟ್ಟ. ಚಾವಣಿ ಸೋರಿತು, ಕೂಡಿಟ್ಟದ್ದು ಅದಕ್ಕೆ ಹೋಯಿತು. ಮರುವರ್ಷ ಮಂಡಿ ಇನ್ನೂ ಹದಗೆಟ್ಟಿತು. ಸರ್ಕಾರದ ನೆರವು ಸಿಕ್ಕರೆ ಮಾತ್ರ ಓದು ಎಂದಾದಾಗ ಕಾಲೇಜಿಗೆ ಹೋದೆವು.

ನೆರವಿನ ಕಚೇರಿಯ ಬ್ರಿಟಾ ವಯಸ್ಸಿನಲ್ಲಿ ನಮಗಿಂತ ಚಿಕ್ಕವಳು. "ನೀವು ಮದುವೆಯಾದವರು, ಸ್ವತಂತ್ರ ವಿದ್ಯಾರ್ಥಿ ಅಂತ ಲೆಕ್ಕ. ಅಪ್ಪ ಅಮ್ಮನ ಆದಾಯ ಕೇಳಲ್ಲ. ನಿಮ್ದು, ನಿಮ್ಮ ಹೆಂಡತೀದು ಸೇರಿಸಿ ನೋಡ್ತೀವಿ."

ವೆಂಡೆಲ್ ನನ್ನ ಕಡೆ ತಿರುಗಿದ. "ಕೇಳಿದ್ಯೇನೇ ಮಾರ್ಲಿಸ್? ಮದುವೆ ಆಗಿದ್ದಕ್ಕೆ ನಾನು ಸ್ವತಂತ್ರನಂತೆ!"

ಬ್ರಿಟಾ ನಕ್ಕಳು. ಆಮೇಲೆ, ನೋಡುವುದು ಓದು ಶುರುವಾಗುವ ವರ್ಷಕ್ಕಿಂತ ಎರಡು ವರ್ಷ ಹಿಂದಿನ ಆದಾಯ ಎಂದಳು. ಅವನು ಓವರ್‌ಟೈಮ್ ಮಾಡಿದ ವರ್ಷವೇ ಅದು. ನೆರವು ಇಲ್ಲ.

"ಓದೋಕೆ ಅಂತ ತಾನೇ ದುಡಿದಿದ್ದು?"

"ಯಾಕೆ ದುಡಿದ್ರಿ ಅಂತ ನಾವು ಕೇಳಲ್ಲ, ವೆಂಡೆಲ್ ಅವರೇ. ಈಗ ಆದಾಯ ಇಳಿದಿದ್ರೆ ಕಾರ್ಖಾನೆಯಿಂದ ಬರೆಸ್ಕೊಂಡು ಬನ್ನಿ, ಮತ್ತೆ ನೋಡ್ತೀನಿ."

ಹಾಗೆ, ಆದಾಯ ಇಳಿಯಲಿ ಎಂದು ಓವರ್‌ಟೈಮ್ ಬಿಟ್ಟ. ಕುಡಿತ ಬಿಟ್ಟವನ ಹಾಗೆ ಒದ್ದಾಡಿದ. ಶನಿವಾರ ಕಾರ್ಖಾನೆಯಿಂದ ಫೋನು ಬಂದರೆ ನನ್ನ ಕೈಗೆ ಕೊಡುತ್ತಿದ್ದ. "ಆಗಲ್ಲ ಅಂತ ನೀನೇ ಹೇಳೇ." ಕೊನೆಗೆ ಕೂಲಿಯಿಲ್ಲದ ಕೆಲಸ ಹುಡುಕಿಕೊಂಡ. ನೆರೆಯವರ ಅಂಗಳದ ಹಿಮ ಎತ್ತಿದ, ಚರ್ಚಿನ ಬಾಯ್ಲರ್ ಬಿಚ್ಚಿ ಜೋಡಿಸಿದ, ಊರಿನ ಕ್ಲಬ್ಬಿನಲ್ಲಿ ಶುಕ್ರವಾರದ ಮೀನೂಟಕ್ಕೆ ಮೀನು ಕರಿದ.

"ಸೋಮಾರಿ ಆಗೋಕೆ ಇಷ್ಟು ಮೈ ಮುರಿದು ದುಡಿಯೋನನ್ನ ನಾನು ನೋಡಿಲ್ಲ ಕಣೋ" ಎಂದ ಜೊತೆಗೆ ದುಡಿಯುತ್ತಿದ್ದ ಆರ್ಡನ್.

"ದುಡ್ಡು ಮುಟ್ಟಿಲ್ಲ ತಾನೇ? ಬ್ರಿಟಾ ಬೈಯಲ್ಲ ಬಿಡು."

ಕಾರ್ಖಾನೆಯ ಪತ್ರ ಕೊಟ್ಟ ಮೇಲೆ ಬ್ರಿಟಾ ಮತ್ತೆ ನೋಡಿದಳು. ನೆರವು ಸಿಕ್ಕಿತು. ಊಟಕ್ಕೆ ಕೂತಾಗ ನನ್ನ ಮಣಿಕಟ್ಟು ಹಿಡಿದು ಒಂದೊಂದೇ ಮೂಳೆಯ ಹೆಸರು ಹೇಳುತ್ತಿದ್ದ; ತಪ್ಪಿದರೆ ಮತ್ತೆ ಮೊದಲಿಂದ. ಮೊದಲ ಟರ್ಮ್ ಪಾಸಾದ. ಎರಡನೆಯದರ ನಡುವೆ, ಮಾರ್ಚಿನಲ್ಲಿ, ತರಗತಿಗೆ ಹೊರಟವನು ಕಾರಿನ ಪಕ್ಕ ಬಿದ್ದ. ಹೃದಯ ನಿಂತಿತ್ತು.

ಬ್ರಿಟಾ ಮಣ್ಣಿಗೆ ಬಂದಿದ್ದಳು. ನನ್ನ ಕೈ ಹಿಡಿದುಕೊಂಡಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಿಯಮ ಅವಳು ಮಾಡಿದ್ದಲ್ಲ.

ಇಂಥ ಗಂಡಸರು ನಮ್ಮ ಕಡೆ ಬೇಕಾದಷ್ಟು ಜನ. ತಮಗಾಗಿ ಏನಾದರೂ ಕೇಳುವುದು ಜೀವಮಾನದಲ್ಲಿ ಒಂದು ಸಲ, ಅದೂ ಮೈ ಸೋತ ಮೇಲೆ. ಆಗ ಎದುರಿಗೆ ಕೂತವರ ಕಣ್ಣಿಗೆ ಬೀಳುವುದು ಅವರು ಮೈ ಸೋಲುವಷ್ಟು ದುಡಿದ ವರ್ಷ. ದೂರದಿಂದ ನೋಡಿದರೆ ಅದು ಅನುಕೂಲಸ್ಥರ ವರ್ಷದ ಹಾಗೇ ಕಾಣುತ್ತದೆ.