ಎಲ್ಲರಿಗೂ ಸಮನಾಗಿ

ಐಸು ಕರಗಿದ ನೀರು ಬೆನ್ನುಮೂಳೆಯ ಗುಂಟ ಇಳಿದು ಪಕ್ಕೆಗೆ ತಿರುಗಿ ಹೊಟ್ಟೆಯಡಿ ಹೋಗಿ ನಿಂತಿತು, ರಕ್ತವೂ ಹೀಗೇ ಹರಿಯುತ್ತದೆ, ಆದರೆ ಮೊದಲು ಬೆಚ್ಚಗೆ, ಆಮೇಲೆ ಅಂಟಂಟು, ಆಮೇಲೆ ಅಂಗಿಯನ್ನೂ ಚರ್ಮವನ್ನೂ ಕಚ್ಚಿ ಹಿಡಿದು ಬಿಡುವುದೇ ಇಲ್ಲ — ಅಲುಗಾಡಬೇಡ, ಅಂದಳು ನರ್ಸ್, ಐಸಿನ ಗಂಟನ್ನು ಅವನ ಹೆಗಲಮೂಳೆಯ ಮೇಲೆ ಒತ್ತುತ್ತ, ಇಲ್ಲಿ ನೋವಾ, ಇಲ್ಲಿ? ಹೂಂ, ಅಂದ. ಹೂಂ ಅನ್ನುವುದು ಸುಲಭ, ಎರಡು ವರ್ಷದಿಂದ ಈ ಚಳವಳಿಯವರ ಮಧ್ಯೆ ಹೂಂಗುಟ್ಟಿಕೊಂಡೇ ಬದುಕಿದ್ದಾನೆ. ಬೆಳಿಗ್ಗೆ ತನ್ನ ಅಣ್ಣನ, ವೆಲ್ಡರನ, ಹೆಣವನ್ನು ಶವಾಗಾರದಲ್ಲಿ ಬಿಟ್ಟು ಬಂದವಳು, ಕೈ ತೊಳೆದುಕೊಂಡು ಇವನ ಬೆನ್ನಿಗೆ ಕೂತಿದ್ದಾಳೆ, ಅಳು ಇಲ್ಲ, ಮೂಗು ಮಾತ್ರ ಕೆಂಪು, ಕೂತಿರುವುದು ಅಣ್ಣನ ವೆಲ್ಡಿಂಗ್ ವರ್ಕ್‌ಶಾಪಿನಲ್ಲೇ, ಇವನು ಬೋರಲು ಮಲಗಿರುವುದು ಅಣ್ಣನ ಬೆಂಚಿನ ಮೇಲೇ, ಕಬ್ಬಿಣದ ಬೆಂಚು, ಅಂಚಿನಲ್ಲಿ ಕರಗಿದ ಲೋಹದ ಹನಿಗಳು ಆರಿ ಗಂಟುಗಟ್ಟಿವೆ, ಎದುರಿನ ಮೊಳೆಗೆ ವೆಲ್ಡರನ ಮುಖಕವಚ ತೂಗುತ್ತಿದೆ, ಕಪ್ಪು ಗಾಜಿನ ಒಂದು ಚೌಕ, ಅದರ ಹಿಂದಿನಿಂದ ಯಾರೂ ನೋಡುತ್ತಿಲ್ಲ, ಗೊತ್ತಿದ್ದೂ ಅವನು ಮುಖ ಆಚೆ ತಿರುಗಿಸಿದ, ಕೆನ್ನೆ ಕಬ್ಬಿಣಕ್ಕೆ ತಾಗಿತು, ನಿನ್ನೆ ತಾಗಿರಲಿಲ್ಲ, ನಿನ್ನೆ ಕೆನ್ನೆಗೂ ಡಾಂಬರಿಗೂ ನಡುವೆ ವೆಲ್ಡರನ ಅಂಗೈ ಇತ್ತು, ಕಿಡಿ ಹಾರಿ ಸುಟ್ಟ ಕಲೆಗಳ ಅಂಗೈ, ಅದರ ಬೆರಳು — ಬೇಡ. ಅಲ್ಲಿಂದಾಚೆಗೆ ಬೇಡ. ಇವರ ವಕೀಲಮ್ಮ ಬರುವುದರೊಳಗೆ ಹೇಳಿಕೆ ಬಾಯಿಪಾಠ ಆಗಬೇಕು. ಹೆಲ್ಮೆಟ್ ಇತ್ತು, ಮುಖ ಕಾಣಲಿಲ್ಲ. ಹೆಲ್ಮೆಟ್ ಇತ್ತು, ಮುಖ ಕಾಣಲಿಲ್ಲ. ಅಷ್ಟೇ. ಪೊಲೀಸನಾದವನಿಗೆ ಇನ್ನೊಬ್ಬ ಪೊಲೀಸನ ಮುಖ ಕಾಣದೆ ಹೋಗುವುದೇನು ಮಹಾ ವಿದ್ಯೆ.

ಇವರಿಗೆ ಅವನು ಪೊಲೀಸನಲ್ಲ, ವ್ಯಾನಿನ ಡ್ರೈವರು. ಸಾಮಾನು ಸಾಗಿಸುವ ಹಳೆಯ ವ್ಯಾನು ಕೊಡಿಸಿದ್ದು ಇಲಾಖೆಯ ಸಾಹೇಬರು, ಚಳವಳಿಯವರ ಹತ್ತಿರ ಸಿಟ್ಟು ಇರುತ್ತೆ, ಘೋಷಣೆ ಇರುತ್ತೆ, ಹರಕು ಬ್ಯಾನರ್ ಇರುತ್ತೆ, ಗಾಡಿ ಮಾತ್ರ ಇರಲ್ಲ, ಗಾಡಿ ಇದ್ದವನಿಗೆ ಬಾಗಿಲು ತಾನಾಗಿ ತೆರೆಯುತ್ತೆ ಅಂದಿದ್ದರು, ತೆರೆಯಿತು ಕೂಡ. ಮೈಕು, ಕುರ್ಚಿ, ನೀರಿನ ಕ್ಯಾನು ಹೊತ್ತು ತಂದ, ಬ್ಯಾಟರಿ ಕಾರ್ಖಾನೆಯ ಹೊಗೆಯಿಂದ ಬೀದಿಯ ಮಕ್ಕಳ ರಕ್ತಕ್ಕೆ ಸೀಸ ಸೇರಿದೆ ಅಂತ ಇವರು ಕೂಗಿದಾಗ ಗಂಟಲು ಹರಿಯುವ ಹಾಗೆ ತಾನೂ ಕೂಗಿದ, ಯಾರು ಏನಂದರು ಎಂದು ಸಾಹೇಬರಿಗೆ ಒಪ್ಪಿಸಿದ, ಅದೆಲ್ಲ ಸಲೀಸು, ತೊಂದರೆ ಬಂದದ್ದು ಬೆನ್ನಿನಿಂದ. ಲಾಠಿ ತಿಂದ ಪ್ರತಿ ಸಲವೂ ಇವರು ಇದೇ ವರ್ಕ್‌ಶಾಪಿಗೆ ಬಂದು ಶಟರ್ ಎಳೆದು ಅಂಗಿ ಬಿಚ್ಚುತ್ತಾರೆ, ನರ್ಸ್ ಮುಲಾಮು ಹಚ್ಚುತ್ತಾಳೆ, ಬಾಸುಂಡೆ ತೋರಿಸಿಕೊಂಡು ನಗುತ್ತಾರೆ, ನೋಡ್ರೋ ನನ್ನ ಬೆನ್ನು, ರೈಲ್ವೆ ನಕ್ಷೆ, ಹೋಗೋ, ನಿಂದು ಬರೀ ಪ್ಯಾಸೆಂಜರ್ ಲೈನು, ನಂದು ಜಂಕ್ಷನ್ನು — ಅವನ ಸರದಿ ಬಂದಾಗ ಬೆನ್ನು ಕನ್ನಡಿಯಷ್ಟು ನುಣುಪು. ಹೊಡೆಯುವವರಿಗೆಲ್ಲ ಅವನ ಗುರುತು ಹೇಳಿ ಕಳಿಸಿರುತ್ತಿದ್ದರು. ಮೊದಲ ಸಲ ಪುಣ್ಯವಂತ ಅಂದರು. ಎರಡನೇ ಸಲ ವೆಲ್ಡರ್ ಹೊಟ್ಟೆ ಹಿಡಿದು ನಕ್ಕ, ಏನಯ್ಯಾ, ಮೈಗೆ ಎಣ್ಣೆ ಹಚ್ಕೊಂಡು ಬರ್ತೀಯಾ, ಲಾಠಿ ಜಾರುತ್ತಾ? ಅಲ್ಲಿಂದ ಅವನ ಹೆಸರೇ ಎಣ್ಣೆಮೈ, ಎಣ್ಣೆಮೈ ಮೈಕ್ ಕಟ್ಟು, ಎಣ್ಣೆಮೈ ಗಾಡಿ ತೆಗಿ. ಮುಂದಿನ ಸಲ ವೆಲ್ಡರನ ತಮ್ಮ, ಕೈಯಲ್ಲೊಂದು ಕಬ್ಬಿಣದ ಸರಳಿಲ್ಲದೆ ಮಾತೇ ಆಡದ ಆಸಾಮಿ, ನಗದೆ ಕೇಳಿದ, ಅಲ್ಲಾ, ನಮಗೆಲ್ಲ ಬೀಳೋ ಏಟು ನಿಂಗ್ಯಾಕೆ ಬೀಳಲ್ಲ? ಮುಲಾಮಿನ ಡಬ್ಬಿಯಲ್ಲಿ ನರ್ಸಿನ ಬೆರಳು ಹಾಗೇ ನಿಂತಿತು. ವೆಲ್ಡರ್ ತಮ್ಮನನ್ನು ಗದರಿದ, ಏಟು ತಪ್ಪಿದ್ದೂ ತಪ್ಪೇನೋ, ಅವನ ಅದೃಷ್ಟಕ್ಕೆ ನೀನ್ಯಾಕೆ ಹೊಟ್ಟೆ ಉರ್ಕೊತೀಯ. ಆದರೂ ಆ ಪ್ರಶ್ನೆ ಅವನ ಕತ್ತಿನ ಹಿಂದೆ ಇರುವೆಯಂತೆ ಹರಿದಾಡಿತು, ಮಾರನೆಯ ದಿನ ಸಾಹೇಬರ ಕಾರಿನಲ್ಲಿ ಕೂತು ಅವನೇ ಬಾಯಿಬಿಟ್ಟ, ಸಾರ್, ನನಗೂ ಹೊಡಿಸಿ. ಸಾಹೇಬರು ಹಲ್ಲುಕಡ್ಡಿ ಬಾಯಿಂದ ತೆಗೆದರು, ಏನಂದೆ? ಹೊಡಿಸಿ ಸಾರ್, ಇಲ್ಲಾಂದ್ರೆ ನನ್ನ ಕಥೆ ಮುಗೀತು, ನನಗೊಬ್ಬನಿಗೇ ಹೊಡೆದರೆ ನಾಟಕ ಅಂತ ಗೊತ್ತಾಗುತ್ತೆ, ಎಲ್ಲರಿಗೂ ಬೀಳ್ಬೇಕು, ಎಲ್ಲರಿಗೂ ಸಮನಾಗಿ. ಕಾರು ಅಲುಗುವ ಹಾಗೆ ನಕ್ಕರು ಸಾಹೇಬರು, ಏಟು ಬೇಕೂಂತ ಅರ್ಜಿ ಹಾಕಿದ ಮೊದಲ್ನೇ ಗಂಡು ನೀನೇ ಕಣಯ್ಯಾ, ಆಗಲಿ, ತಲೆ ಬಿಟ್ಟು, ನಿಂಗೆ ಗೊತ್ತಿರೋನನ್ನೇ ಕಳಿಸ್ತೀನಿ, ಕೈ ಹದವಾಗಿರುತ್ತೆ. ನಿನ್ನೆ ಕಾರ್ಖಾನೆಯ ಗೇಟಿನ ಮುಂದೆ ಯಾರೂ ಕಲ್ಲು ತೂರಲಿಲ್ಲ, ಗೇಟು ಹತ್ತಲಿಲ್ಲ, ಕೂತು ಹಾಡು ಹೇಳುತ್ತಿದ್ದರು, ಅದೂ ಅಪಸ್ವರದಲ್ಲಿ. ಲಾಠಿ ಬೀಸಲು ಕಾರಣ ಒಂದೂ ಇರಲಿಲ್ಲ. ಒಂದಿತ್ತು, ಅದು ಅವನ ಅಂಗಿಯೊಳಗೆ ನುಣ್ಣಗೆ ಕೂತಿತ್ತು.

ಶಿಳ್ಳೆ. ಬೂಟುಗಳು. ಹಾಡು ನಡುವಿನಲ್ಲೇ ಕಿತ್ತುಹೋಗಿ ಕಿರುಚಾಟ ಆಗುತ್ತದೆ, ಮುಂದಿನ ಸಾಲಿನ ಟೈಲರ್ ಹೆಂಗಸು ಬಾಯಿಗೆ ಕೈ ಇಟ್ಟು ತೆಗೆಯುತ್ತಾಳೆ, ಅಂಗೈಯಲ್ಲಿ ಹಲ್ಲು, ಅದನ್ನು ಬಿಸಾಡಬೇಕೋ ಇಟ್ಟುಕೊಳ್ಳಬೇಕೋ ತಿಳಿಯದವಳ ಹಾಗೆ ನೋಡುತ್ತಾಳೆ, ಅಷ್ಟರಲ್ಲಿ ಕೈಗೂ ಏಟು, ಒದ್ದೆ ಗೋಣಿಯನ್ನು ಬಡಿದಂಥ ಸದ್ದು ಎಲ್ಲ ಕಡೆಯಿಂದ, ಕೆಲವು ಕಡೆ ಗೋಣಿಯಲ್ಲ, ಒಣಕಟ್ಟಿಗೆ, ಅದು ಮೂಳೆ, ಅವನಿಗೆ ವ್ಯತ್ಯಾಸ ಗೊತ್ತು, ಹೊಡೆದು ಗೊತ್ತು. ಎದುರಿಗೆ ಒಂದು ಹೆಲ್ಮೆಟ್ ನಿಂತು ಗಾಜು ಮೇಲೆತ್ತಿತು, ಪೈಲ್ವಾನ, ತರಬೇತಿಯಲ್ಲಿ ಪಕ್ಕದ ಮಂಚದಲ್ಲಿ ಮಲಗುತ್ತಿದ್ದವನು, ಇವನ ಬೂಟಿಗೂ ಪಾಲಿಶ್ ಹಾಕಿಕೊಡುತ್ತಿದ್ದವನು, ಕಣ್ಣು ಮಿಟುಕಿಸಿದ, ತಡ್ಕೊಳ್ಳೋ, ಅಂದ, ಅಂದು ತೊಡೆಗೆ ಬಿಟ್ಟ. ಹದ ಎಲ್ಲಿ ಬಂತು. ಹೊಡೆಯುವವನ ಕೈಯಲ್ಲಿ ಲಾಠಿ ಹೂವಿನಷ್ಟು ಹಗುರ, ತಿನ್ನುವವನಿಗೆ ತಾನೇ ಅದರ ತೂಕ ಗೊತ್ತಾಗುವುದು, ನರಳುವ ನಾಟಕಕ್ಕೆ ತಯಾರಾಗಿ ಬಂದವನು ನಾಟಕ ಮರೆತು ಕತ್ತೆಯಂತೆ ಕಿರುಚಿದ, ಬೆನ್ನಿಗೆ, ಮತ್ತೆ ಬೆನ್ನಿಗೆ, ಭುಜಕ್ಕೆ, ಸುತ್ತಲಿದ್ದವರೆಲ್ಲ ವೆಲ್ಡರ್ ಕಲಿಸಿದಂತೆ ಮುದುಡಿ ತಲೆಯನ್ನು ಎದೆಗೆ ಒತ್ತಿ ಕತ್ತಿನ ಹಿಂದೆ ಕೈ ಕಟ್ಟಿ ಬಿದ್ದಿದ್ದರು, ಏಟು ತಿನ್ನೋದೂ ಒಂದು ಕಸುಬು ಕಣ್ರೋ ಅಂತ ಅವನು ಇದೇ ಬೆಂಚಿನ ಮೇಲೆ ಮಲಗಿ ತೋರಿಸಿದ್ದ, ಆಗ ಇವನು ಮಾತ್ರ ಮನಸ್ಸಿಟ್ಟು ನೋಡಿರಲಿಲ್ಲ, ತನಗ್ಯಾಕೆ ಅಂತ. ಈಗ ಕೈ ಎಲ್ಲಿಡಬೇಕು ಗೊತ್ತಿಲ್ಲ, ಎದ್ದು ಓಡಿ, ಬಿದ್ದು, ತಲೆ ಎತ್ತಿ, ಎಲ್ಲವೂ ತಪ್ಪು, ಬೇರೆ ಲಾಠಿಗಳೂ ಇತ್ತ ತಿರುಗಿದವು, ಆಗ ಬೆನ್ನ ಮೇಲೆ ಏನೋ ದೊಪ್ಪನೆ ಬಿತ್ತು, ಭಾರ, ಬಿಸಿ, ಕಬ್ಬಿಣ ಸುಟ್ಟ ವಾಸನೆ, ವೆಲ್ಡರ್, ಬಿಡ್ರೋ, ಇವನಿಗೆ ತಿಂದು ಅಭ್ಯಾಸ ಇಲ್ಲ, ಮೊದಲ್ನೇ ಸಲ ಕಣ್ರೋ, ಬಿಡ್ರೋ — ಅನ್ನುತ್ತಲೇ ಒಂದು ಕೈಯನ್ನು ಇವನ ಮುಖದಡಿ ತೂರಿಸಿದ, ಕೆನ್ನೆ ಡಾಂಬರಿಗೆ ಉಜ್ಜದಿರಲಿ ಅಂತ, ಕತ್ತಿನ ಹಿಂದೆ ಇರಬೇಕಾದ ಕೈ. ಇವನ ಬೆನ್ನಿಗೆಂದು ಆಗಲೇ ಇಳಿಯುತ್ತಿದ್ದ ಪೈಲ್ವಾನನ ಲಾಠಿಗೆ ಅಲ್ಲಿ ಸಿಕ್ಕಿದ್ದು ವೆಲ್ಡರನ ತಲೆ. ಒಣಕಟ್ಟಿಗೆ. ಕೆನ್ನೆಯಡಿ ಬೆರಳುಗಳು ಏನನ್ನೋ ಹಿಡಿಯಲು ಹೊರಟಂತೆ ಮಡಚಿದವು, ಬಿಚ್ಚಿದವು. ನಿಲ್ಲಿಸ್ರೋ, ನಾನು ಪೊಲೀಸ್ — ಮಾತು ಹಲ್ಲಿನ ತನಕ ಬಂದಿತ್ತು, ಹಲ್ಲಿನ ತನಕ, ಪಕ್ಕದಲ್ಲಿ ತಮ್ಮನ ಚಪ್ಪಲಿ ಕಂಡಿತು, ಕೇಳಿಸಿಕೊಂಡಾನು, ಎರಡು ವರ್ಷದ ಕೆಲಸ ಮಣ್ಣಾದೀತು, ನುಂಗಿದ. ಇನ್ನೊಂದು ಬಿತ್ತು, ಯಾರದ್ದೋ. ಬೆರಳು ಮಡಚಿದವು, ಬಿಚ್ಚಿದವು.

ಶಟರ್ ಗರಗರ ಎದ್ದಿತು, ವಕೀಲಮ್ಮ ಬಗ್ಗಿ ಒಳಗೆ ಬಂದಳು, ಹಿಂದೆ ವೆಲ್ಡರನ ತಮ್ಮ, ಸರಳು ಹೆಗಲ ಮೇಲೆ, ಮಲಗೇ ಇರು ಎಣ್ಣೆಮೈ, ಏಳಬೇಡ, ಈಗ ಆ ಹೆಸರಲ್ಲಿ ಕರೆಯೋಕೂ ಬಾಯಿ ಬರಲ್ಲ ಅಂದಳು, ಸ್ಟೂಲು ಎಳೆದು ಮುಖದ ಹತ್ತಿರ ಕೂತಳು, ನೋಡು, ಅವನಿಗೆ ಅಂಟಿಕೊಂಡು ಇದ್ದವನು ನೀನು, ಮೈಮೇಲೆ ಇಷ್ಟು ಗಾಯ ಇರೋ ಸಾಕ್ಷಿ ಇನ್ನೊಬ್ಬ ಇಲ್ಲ, ನಾಳೆ ನ್ಯಾಯಾಧೀಶರ ಮುಂದೆ ನಿನ್ನ ಮಾತಿನ ಮೇಲೇ ಕೇಸು ನಿಲ್ಲೋದು, ಯಾರು ಹೊಡೆದದ್ದು? ಹೆಲ್ಮೆಟ್ ಇತ್ತು, ಮುಖ ಕಾಣ್ಲಿಲ್ಲ. ಸರಿಯಾಗಿ ಬಂತು, ಅಭ್ಯಾಸ ಮಾಡಿದಷ್ಟೇ ಸರಿಯಾಗಿ. ಪ್ಯಾಂಟಿನ ಜೇಬಿನಲ್ಲಿ ಫೋನು ತೊಡೆಯ ಗಾಯಕ್ಕೆ ಒತ್ತುತ್ತಿದೆ, ಬೆಳಿಗ್ಗೆ ಸಾಹೇಬರ ಸಂದೇಶ ಬಂದಿತ್ತು, ಶಭಾಷ್, ಈಗ ಪೂರ್ತಿ ಒಳಗೆ ಹೋದೆ, ಸತ್ತವನ ಸುದ್ದಿ ಅದರಲ್ಲಿ ಇರಲಿಲ್ಲ. ಮುಖ ಕಾಣ್ಲಿಲ್ವಾ? ತಮ್ಮ ಮುಂದೆ ಬಂದು ಬಗ್ಗಿದ, ಉಸಿರಿಗೆ ಹುಳಿ ವಾಸನೆ, ತನ್ನ ಫೋನು ಹಿಡಿದ, ಯಾವನೋ ಮಹಡಿಯಿಂದ ತೆಗೆದ ವೀಡಿಯೋ, ನಡುಗುವ ಚಿತ್ರ, ಇದು ನೀನು, ಇದು ಆ ಮಗ, ಗಾಜು ಎತ್ತಿ ನಿನ್ನನ್ನೇ ನೋಡ್ತಾ ನಿಂತಿದಾನೆ, ಕ್ಯಾಮರಾಕ್ಕೆ ಬೆನ್ನು ಹಾಕಿದಾನೆ, ನಿನಗೆ ಹಾಕಿದಾನಾ? ಇಡೀ ಊರಲ್ಲಿ ಅವನ ಮೋರೆ ನೋಡಿದ್ದು ನೀನೊಬ್ಬ, ಹೆದರ್ತೀಯೇನೋ, ನನ್ನಣ್ಣ ನಿನಗೋಸ್ಕರ ತಲೆ ಒಡೆಸ್ಕೊಂಡ — ಸರಳಿನ ತುದಿ ಹೆಗಲಮೂಳೆಯ ಮೇಲೆ ಬಂದು ಕೂತಿತು, ಒತ್ತಿತು, ಐಸಿನ ಬಟ್ಟೆ ಜಾರಿ ನೆಲಕ್ಕೆ ಬಿತ್ತು, ಬಿಡೋ ಅವನನ್ನ, ಅಂತ ನರ್ಸ್ ಕೂಗಿದಳು, ತಮ್ಮ ಬಿಡಲಿಲ್ಲ, ಇವನ ಕಣ್ಣಲ್ಲಿ ಬಿಳಿ ಕಿಡಿ, ಹೊಡೆದವನು ಪೈಲ್ವಾನ, ಹೊಡಿ ಅಂದವರು ಸಾಹೇಬರು, ಹೊಡಿಸಿ ಅಂದವನು — ಮೂರು ಬಾಗಿಲು, ಯಾವುದನ್ನು ತೆರೆದರೂ ಆ ಸರಳು, ಆದರೆ ಮೊದಲನೆಯದರ ಆಚೆ ತಾನಿಲ್ಲ, ಬೂಟಿಗೆ ಪಾಲಿಶ್ ಹಾಕುತ್ತಿದ್ದವನು ಮಾತ್ರ, ದಪ್ಪ ಕೈ, ಇಷ್ಟು ಬಿಳಿ ಹಲ್ಲು. ಸರಳು ಇನ್ನೊಂದು ಸುತ್ತು ತಿರುಗಿತು. ಬಾಯಿಂದ ಪೈಲ್ವಾನನ ನಿಜ ಹೆಸರು ಹಾರಿತು. ಅಪ್ಪನ ಹೆಸರಿನ ಮೊದಲಕ್ಷರ ಮೊದಲು, ಆಮೇಲೆ ಹೆಸರು, ಪರೇಡಿನಲ್ಲಿ ಹಾಜರಿ ಕೂಗುವ ಹಾಗೆ, ಸ್ಪಷ್ಟವಾಗಿ, ಗಟ್ಟಿಯಾಗಿ. ನೋವು ಎದ್ದು ಹೋಯಿತು, ಆಹಾ, ಸರಳು ಎತ್ತಿದ ಜಾಗಕ್ಕೆ ಗಾಳಿ ತಾಗಿತು, ತಮ್ಮ ಆಗಲೇ ಶಟರಿನ ಹತ್ತಿರ, ಅಷ್ಟು ಸಾಕು, ಹೆಸರು ಸಿಕ್ತಲ್ಲ, ಮನೆ ನಾನು ಹುಡುಕ್ತೀನಿ, ಇವತ್ತೇ ಅವನ ಮಿದುಳು ನಾಯಿಗೆ ಹಾಕ್ತೀನಿ — ಹೋಗಲಿ, ಪೈಲ್ವಾನನಿಗೆ ಫೋನು ಮಾಡಿ ಎಚ್ಚರಿಸಬಹುದು, ಅಥವಾ ಮಾಡದೆಯೂ ಇರಬಹುದು, ಪೈಲ್ವಾನ ಸತ್ತರೆ ಕಣ್ಣು ಮಿಟುಕಿಸಿದ ಕಥೆ ಯಾರಿಗೂ ಹೇಳಲಾರ — ಥೂ, ಎಂಥ ಯೋಚನೆ, ಆದರೂ ಅದೇ ಬಂತು.

ತಡಿ, ಅಂದಳು ವಕೀಲಮ್ಮ. ತಮ್ಮನಿಗಲ್ಲ, ಇವನಿಗೆ. ಹೆಸರು ನಿಂಗೆ ಹೇಗೆ ಗೊತ್ತಾಯ್ತು? ಎದೆ ಮೇಲಿತ್ತಲ್ಲ, ಹೆಸರಿನ ಪಟ್ಟಿ, ಓದಿದೆ. ಅವಳು ಎದ್ದು ಶಟರಿನ ತನಕ ಹೋಗಿ ತಮ್ಮನ ಕೈಯಿಂದ ಫೋನು ಈಸಿಕೊಂಡು ಬಂದು ಚಿತ್ರವನ್ನು ಬೆರಳಿಂದ ಹಿಗ್ಗಿಸಿ ಇವನ ಮೂಗಿನ ಮುಂದೆ ಹಿಡಿದಳು, ಮುಂದಿನ ಸಾಲು, ಪಕ್ಕದ ಸಾಲು, ನೋಡು, ಒಬ್ಬರ ಎದೆ ಮೇಲಾದ್ರೂ ಪಟ್ಟಿ ಇದೆಯಾ? ಎಲ್ಲ ಬಿಚ್ಚಿಟ್ಟು ಬಂದಿದಾರೆ. ಹೌದು, ಬಿಚ್ಚಿಡುತ್ತಾರೆ, ಬಸ್ಸಿನಿಂದ ಇಳಿಯುವ ಮೊದಲೇ, ಅವನೂ ಎಷ್ಟು ಸಲ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದಾನೆ, ಓಡುವಾಗ ಪಿನ್ನು ತೊಡೆಗೆ ಚುಚ್ಚುತ್ತಿತ್ತು, ಎಂಥ ಪೆದ್ದ, ಅಪ್ಪನ ಮೊದಲಕ್ಷರ ಬೇರೆ. ಬೆನ್ನ ಮೇಲಿದ್ದ ನರ್ಸಿನ ಕೈ ಈಗ ಇಲ್ಲ. ಯಾವಾಗ ತೆಗೆದಳು. ಶಟರಿನ ಹತ್ತಿರ ಹೋಗಿದ್ದ ಹೆಜ್ಜೆ ಹಿಂದಕ್ಕೆ ಬರುತ್ತಿದೆ, ನಿಧಾನ, ಸರಳು ನೆಲಕ್ಕೆ ಉಜ್ಜುವ ಸದ್ದು, ಹೇಳು, ಅಂದಳು ವಕೀಲಮ್ಮ, ಮೆಲ್ಲಗೆ, ಯಾರು ನೀನು? ಏನಾದರೂ ಹೇಳಬೇಕು, ಪರಿಚಯದವನು, ಪಕ್ಕದ ಬೀದಿಯವನು, ವ್ಯಾನಿಗೆ ದಂಡ ಹಾಕಿದ್ದವನು, ಹೌದು, ಅದು, ದಂಡ ಹಾಕಿದ್ದ, ಹಾಗೇ ಹೇಳು, ಬಾಯಿ ತೆರೆಯುತ್ತದೆ, ಮಾತು ಹಲ್ಲಿನ ತನಕ ಬರುತ್ತದೆ, ಹಲ್ಲಿನ ತನಕ, ಕೆನ್ನೆಯ ಅಡಿಯ ಕಬ್ಬಿಣ ನಿನ್ನೆಯ ಅಂಗೈಯಾಗಿ ಮೆತ್ತಗಾಗುತ್ತದೆ, ಬಿಸಿಯಾಗುತ್ತದೆ, ಬೆರಳು ಮಡಚುತ್ತವೆ, ಬಿಚ್ಚುತ್ತವೆ, ಮಡಚುತ್ತವೆ, ಬಿಚ್ಚುತ್ತವೆ, ಇನ್ನೊಂದು ಏಟು ಬೀಳುತ್ತದೆ, ಬೆರಳು ಮಡಚುವುದಿಲ್ಲ.