ಸಿಲೆವಿನ ಮೀನಿಗೆ ಸಕ್ಕರೆ

1987ರ ನವೆಂಬರ್ 15, ಭಾನುವಾರ, ಸಂಜೆ ನಾಲ್ಕೂ ಹತ್ತಕ್ಕೆ ಜ್ಲಾಟೆ ಕ್ರಾಮರ್ ಮಾಡಿ ತಂದಿದ್ದ ಮೀನನ್ನು ನಾನು ಬಾಯಿಗಿಟ್ಟೆ. ಅದು ಸಿಹಿಯಾಗಿತ್ತು.

ಮಾಂಟ್ರಿಯಲ್ಲಿನ ನಮ್ಮ ಯೆಹೂದಿಗಳ ಯಿದ್ದಿಶ್ ಭಾಷೆಯ ಓದುಗರ ಕೂಟದಲ್ಲಿ ಅವಳು ಆಗತಾನೇ ತನ್ನ ಕಥೆ ಓದಿ ಮುಗಿಸಿದ್ದಳು. ವಯಸ್ಸು ಎಪ್ಪತ್ತೊಂಬತ್ತು. ಹುಟ್ಟಿದ್ದು ಲಿಥುವೇನಿಯಾದ ಶಿಲೆವ್ ಎಂಬ ಸಣ್ಣ ಊರು ಎನ್ನುತ್ತಿದ್ದಳು. ನನ್ನ ಅಮ್ಮನದೂ ಅದೇ ಊರು. ಅಮ್ಮ ಮಾತ್ರ ಅದನ್ನು 'ಸಿಲೆವ್' ಎನ್ನುತ್ತಿದ್ದಳು. ಆ ಕಡೆಯವರ ನಾಲಿಗೆಗೆ ಶಕಾರ ಹೊರಳದು, ಶನಿವಾರದ ವಿಶ್ರಾಂತಿಯ ಹಬ್ಬ ಶಬೆಸ್ ಅವರ ಬಾಯಲ್ಲಿ ಸಬೆಸ್. ಇಲ್ಲಿ ಎಲ್ಲರೂ ನಗುತ್ತಿದ್ದರಿಂದ ಅಮ್ಮ ಹೊರಗೆ ಬಾಯಿ ಬಿಡುತ್ತಿರಲಿಲ್ಲ, ಮನೆಯಲ್ಲೂ ಊರಿನ ಬಗ್ಗೆ ಏನೂ ಹೇಳದೆ ತೀರಿಕೊಂಡಳು. ಊರಿನ ಬಾವಿ, ಅದರ ಕಟ್ಟೆ ಮೇಲೆ ಕೂತ ಕೊಡೆ ರಿಪೇರಿಯವನು, ರೊಟ್ಟಿಯವನ ಓಣಿ, ಓಣಿಯ ಕೊನೆಯ ನೀಲಿ ಬಾಗಿಲು, ಇವೆಲ್ಲ ನನಗೆ ಸಿಕ್ಕಿದ್ದು ಜ್ಲಾಟೆಯ ಕಥೆಗಳಿಂದ. ಅವಳು ಸುಳ್ಳಾದರೆ ನನಗೆ ಅಮ್ಮನ ಊರೇ ಇಲ್ಲ.

"ಏನ್ ಪೆಸ್ಯಾ, ಮುಳ್ಳು ಸಿಕ್ಕಾಕೊಂಡ್ತಾ?" ಕೂಟದ ಕಾರ್ಯದರ್ಶಿ ಫಿಶೆಲ್ ಕೇಳಿದ.

"ಸಕ್ಕರೆ ಸಿಕ್ತು."

ಅವನೂ ಒಂದು ಚೂರು ಬಾಯಿಗೆ ಹಾಕಿಕೊಂಡ. ಹುಬ್ಬು ಮೇಲೇರಿತು. "ಲಿಥುವೇನಿಯಾದವರು ಮೀನಿಗೆ ಮೆಣಸು ಹಾಕ್ತಾರೆ. ಸಕ್ಕರೆ ಹಾಕೋರು ಪೋಲೆಂಡಿನವರು. ಪಾಸ್‌ಪೋರ್ಟ್ ಸುಳ್ಳು ಹೇಳಬಹುದು ಕಣಮ್ಮ, ಮೀನು ಹೇಳಲ್ಲ."

ಈರುಳ್ಳಿ, ಕ್ಯಾರೆಟ್ಟಿನಲ್ಲೂ ಸಿಹಿ ಇರುತ್ತದೆ. ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಮೂವತ್ತು ವರ್ಷದಿಂದ ದುಡಿಯುತ್ತಿದ್ದ ನನಗೆ ಅದು ಗೊತ್ತು. ಆದರೆ ಇದು ಆ ಸಿಹಿಯಲ್ಲ. ಒಂದು ಸಣ್ಣ ಸೀಸೆಗೆ ಮೀನಿನ ರಸ ತುಂಬಿಕೊಂಡು ಬ್ಯಾಗಿಗೆ ಹಾಕಿದೆ. ಅಂದು ಮನೆಯಲ್ಲಿ ಅವಳ ಕಥೆಗಳನ್ನು ಮತ್ತೆ ತೆರೆದು, ಪೊಲೀಸರ ಹಾಗೆ ಓದಿದೆ. ಅವಳು ಎಲ್ಲೆಲ್ಲೂ 'ಶಿಲೆವ್' ಎಂದೇ ಬರೆದಿದ್ದಳು, ಭೂಪಟದಲ್ಲಿರುವ ಹಾಗೆ. ಮಾತಿನಲ್ಲೂ ಅವಳ ಶಕಾರ ಒಮ್ಮೆಯೂ ಜಾರಿದ್ದನ್ನು ನಾನು ಕೇಳಿರಲಿಲ್ಲ. ಈ ಊರನ್ನು ಯಾರ ಬಾಯಿಂದಲೋ ಕದ್ದಿದ್ದಾಳೆ ಅನ್ನಿಸಿತು.

ಮಂಗಳವಾರ ಮೀನಿನ ಪಾತ್ರೆ ಹಿಂದಿರುಗಿಸುವ ನೆಪದಲ್ಲಿ ಅವಳ ಮನೆಗೆ ಹೋದೆ.

"ಖಾಲಿ ಪಾತ್ರೆ ತಂದ್ಯಾ?" ಎಂದಳು. "ಖಾಲಿ ತರೋರು ಏನೋ ಕೇಳೋಕೆ ಬಂದಿರ್ತಾರೆ. ಕೂತ್ಕೋ."

"ನಿಮ್ಮ ಮೀನು ಸಿಹಿ."

"ಹೌದು. ಮತ್ತೆ ಬೇಕಿತ್ತಾ?"

"ಶಿಲೆವಿನಲ್ಲಿ ಸಕ್ಕರೆ ಹಾಕ್ತಿರಲಿಲ್ಲ."

ಅವಳು ಕನ್ನಡಕ ತೆಗೆದು ನನ್ನನ್ನೇ ನೋಡಿದಳು. "ಲ್ಯಾಬಿಗೆ ಕೊಟ್ಯಾ?"

"ಇನ್ನೂ ಇಲ್ಲ."

"ಕೊಡು, ಕೊಡು. ನನ್ನ ಕಥೆಗಳನ್ನ ಯಾರೂ ಇಷ್ಟು ಗಮನ ಕೊಟ್ಟು ನೋಡಿಲ್ಲ." ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ಹದಿನೈದನೇ ಇಸವೀಲಿ ರಷ್ಯಾದ ತ್ಸಾರನ ಸಿಪಾಯಿಗಳು ಒಂದೇ ದಿನದಲ್ಲಿ ಊರು ಖಾಲಿ ಮಾಡಿಸಿದ್ರು. ನನಗೆ ಏಳು ವರ್ಷ. ಅಮ್ಮ ಗಾಡಿಯಲ್ಲೇ ಜ್ವರ ಬಂದು ಹೋದಳು. ದಾರೀಲಿ ಪೋಲೆಂಡಿನ ಲುಬ್ಲಿನ್ ಕಡೆಯ ಒಬ್ಬ ವಿಧವೆ ನನ್ನ ಕೈ ಹಿಡಿದಳು. ಅವಳ ಮೀನು ಸಿಹಿ. ಏಳು ವರ್ಷದವಳಿಗೆ ಅಮ್ಮನ ಅಡಿಗೆ ಎಲ್ಲಿಂದ ಬರುತ್ತೆ, ಹೇಳು?"

ಚೆನ್ನಾಗಿತ್ತು. ತೀರಾ ಚೆನ್ನಾಗಿತ್ತು. ಎಲ್ಲವೂ ಸರಿಯಾಗಿ ಕೂಡುವ ಉತ್ತರವನ್ನು ನಾನು ಲ್ಯಾಬಿನಲ್ಲೂ ನಂಬುವುದಿಲ್ಲ.

"ಒಳ್ಳೇ ಕಥೆ," ಎಂದೆ.

ಅವಳ ಮುಖ ಕೆಂಪಾಯಿತು. "ಕಥೆನಾ? ಏಳು ಮೇಲೆ! ಆ ಬಾವಿ ನಾನು ಕಟ್ಟಿದ್ದಲ್ಲ! ಸಿಲೆವಿನ ಬಾವಿ ಅದು, ಸಿಲೆವಿನ..."

ತಟ್ಟನೆ ಬಾಯಿ ಮುಚ್ಚಿಕೊಂಡಳು. ಕೈಯಿಂದ. ಹೊಡೆತ ಬೀಳುತ್ತದೆಂದು ಮಕ್ಕಳು ಮುಚ್ಚಿಕೊಳ್ಳುವ ಹಾಗೆ, ಅಂಗೈ ಹೊರಗೆ ಮಾಡಿ.

ಆಮೇಲೆ ಆ ಕೈಯನ್ನು ಮಡಿಲಿಗೆ ಇಳಿಸಿದಳು.

"ಆ ವಿಧವೆ," ಎಂದಳು ನಿಧಾನವಾಗಿ, "ಸಬೆಸ್ ಅಂದಾಗೆಲ್ಲ ಬಾಯಿ ಮೇಲೆ ಬಾರಿಸೋಳು. ಪ್ರೀತಿ ಇತ್ತು ಅವಳಿಗೆ. ಆದ್ರೂ ಬಾರಿಸೋಳು."

ಉಚ್ಚಾರವನ್ನು ಯಾರಾದರೂ ಕಲಿಯಬಹುದು, ಬರೆಯುವವರು ಇನ್ನೂ ಬೇಗ. ಆದರೆ ಅಮ್ಮ 'ಸಿಲೆವ್' ಎನ್ನುತ್ತಿದ್ದುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮತ್ತೆ ಆ ಕೈ, ಅದನ್ನು ಯಾರೂ ಕಲಿಯಲಾರರು.

"ಇನ್ನೊಂದ್ಸಲ ಹೇಳಿ."

"ಯಾಕೆ, ಆಡ್ಕೊಳ್ಳೋಕಾ?"

"ಅಲ್ಲ. ನಮ್ಮಮ್ಮ ಹಾಗೇ ಅಂತಿದ್ದಳು."

ಅವಳು ಪಾತ್ರೆಯನ್ನು ಎತ್ತಿ ಒಳಗಿಟ್ಟು ಬಂದಳು.

"ನೀಲಿ ಬಾಗಿಲು?" ಎಂದು ಕೇಳಿದೆ.

"ಇತ್ತು. ಬಾವಿಯೂ ಇತ್ತು. ಬಾವಿ ಕಟ್ಟೆ ಮೇಲೆ ಕೂತು ಕೊಡೆ ರಿಪೇರಿ ಮಾಡೋನು ಇರಲಿಲ್ಲ. ಅವನು ಈ ಊರಿನ ಟ್ರಾಮಿನಲ್ಲಿ ಸಿಕ್ಕಿದವನು. ಕೂರೋಕೆ ಅವನಿಗೊಂದು ಜಾಗ ಬೇಕಿತ್ತು, ಕೊಟ್ಟೆ."

ಮರುದಿನ ಬೆಳಿಗ್ಗೆ ಲ್ಯಾಬಿನಲ್ಲಿ ಆ ಸೀಸೆಯನ್ನು ತೆರೆದೆ. ಅವಳನ್ನು ಪರೀಕ್ಷಿಸಲಿಕ್ಕಲ್ಲ. ಬರುವ ಸಬೆಸಿಗೆ ಅವಳನ್ನು ಊಟಕ್ಕೆ ಕರೆದಿದ್ದೆ, ಮೀನು ನಾನೇ ಮಾಡಬೇಕಿತ್ತು. ಮೆಣಸು ಎಷ್ಟೆಂದು ಅಮ್ಮನ ಕೈ ನೋಡಿ ಗೊತ್ತಿತ್ತು. ಸಕ್ಕರೆ ಗೊತ್ತಿರಲಿಲ್ಲ. ಕ್ಯಾರೆಟ್, ಈರುಳ್ಳಿಯ ಪಾಲು ಕಳೆದು ಬರೆದುಕೊಂಡೆ: ನೂರು ಗ್ರಾಂ ರಸಕ್ಕೆ ಆರೂವರೆ ಗ್ರಾಂ.